ಗೆರೆ ಎಳೆಯಲು ಬರುತ್ತದೆ, ಓದಲು ಬರುವುದಿಲ್ಲ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ 4 ಅಂಕದ ಒಂದು ಪ್ರಶ್ನೆ ಹತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಬಾಯಿಪಾಠ. ಎರಡು ಸಮೀಕರಣ ಕೊಟ್ಟು ‘ನಕ್ಷಾ ವಿಧಾನದಿಂದ ಬಿಡಿಸಿ’ ಎನ್ನುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ಹೈಸ್ಕೂಲುಗಳಲ್ಲಿ ನಡೆಯುವ ವಿಶೇಷ ತರಗತಿಗಳಲ್ಲಿ, ಕೈಯಿಂದ ಕೈಗೆ ಹೋಗುವ ‘ಪಾಸಿಂಗ್ ಪ್ಯಾಕೇಜ್’ ಹಾಳೆಗಳಲ್ಲಿ ಈ ಪ್ರಶ್ನೆಗೆ ಮೊದಲ ಮಣೆ. ಕಾರಣ ಸರಳ. ಇದಕ್ಕೆ ತಲೆಗಿಂತ ಕೈ ಸಾಕು.

ಎಕ್ಸ್‌ಗೆ ಸೊನ್ನೆ ಹಾಕು, ವೈ ಎಷ್ಟು ನೋಡು. ವೈಗೆ ಸೊನ್ನೆ ಹಾಕು, ಎಕ್ಸ್ ಎಷ್ಟು ನೋಡು. ಕೋಷ್ಟಕ ಬರೆ, ಚುಕ್ಕಿ ಇಡು, ಸ್ಕೇಲಿಟ್ಟು ಗೆರೆ ಎಳೆ. ಎರಡನೇ ಗೆರೆಯನ್ನೂ ಹಾಗೇ ಎಳೆ. ಎರಡೂ ಕೂಡಿದ ಕಡೆ ಒಂದು ಸುತ್ತು ಹಾಕಿ ಉತ್ತರ ಬರೆ. ಅಕ್ಷಗಳ ಹೆಸರು, ಪ್ರಮಾಣ ಬರೆಯುವುದನ್ನು ಮರೆಯಬೇಡ. ಮುಗಿಯಿತು.

ಗೆರೆ ಸರಿಯಾಗಿ ಎಳೆದ ಹುಡುಗನನ್ನೇ ಕೂರಿಸಿಕೊಂಡು ಕೇಳಿ: ‘ಮಗಾ, ಈ ಗೆರೆ ಏನು ಹೇಳುತ್ತಿದೆ? ಎರಡೂ ಕೂಡಿದವಲ್ಲ, ಅಲ್ಲಿ ಏನಾಯಿತು?’ ಬಹಳ ಸಲ ಬರುವ ಉತ್ತರ ‘ಗೊತ್ತಿಲ್ಲ ಸಾ, ಹಂಗೇ ಮಾಡ್ಬೇಕು’. ಅವನ ಪಾಲಿಗೆ ಸಮೀಕರಣ ಒಂದು ಪಾಠ, ನಕ್ಷೆ ಇನ್ನೊಂದು ಪಾಠ. ಒಂದೇ ಮಾತನ್ನು ಒಮ್ಮೆ ಅಕ್ಷರದಲ್ಲಿ, ಒಮ್ಮೆ ಚಿತ್ರದಲ್ಲಿ ಹೇಳಿದ್ದಾರೆ ಎಂಬುದು ಅವನಿಗೆ ತಲುಪಿಯೇ ಇಲ್ಲ.

ಈ ಬರಹದ ವಾದ ಇಷ್ಟೇ. ಈ ಜೋಡಣೆ ಕಲಿಸುವುದು ಸಾಧ್ಯ. ಅದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ. ಎರಡು ಮೂರು ಪೀರಿಯಡ್ಡು, ಚಾಮರಾಜನಗರ ಗುಂಡ್ಲುಪೇಟೆ ಕಡೆಯ ಮಕ್ಕಳು ದಿನಾ ನೋಡುವ ವ್ಯವಹಾರ, ಜೊತೆಗೆ ಪರೀಕ್ಷಾ ಮಂಡಳಿಯಿಂದ 1 ಅಂಕದ ಬದಲಾವಣೆ ಸಾಕು.

ಅಖಿಲಾ ಜಾತ್ರೆಗೆ ಹೋಗಿದ್ದಳು

ಮೊದಲೇ ಒಂದು ಮಾತು. ತಪ್ಪು ಪುಸ್ತಕದ್ದಲ್ಲ. ನಮ್ಮ ಮಕ್ಕಳು ಓದುವ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ ಈ ಪಾಠ ಶುರುವಾಗುವುದೇ ಊರ ಜಾತ್ರೆಯಿಂದ. ಅಖಿಲಾ ಎಂಬ ಹುಡುಗಿ 20 ರೂಪಾಯಿ ಹಿಡಿದು ಹೋಗುತ್ತಾಳೆ. ದೊಡ್ಡ ತೊಟ್ಟಿಲು ಒಂದು ಸುತ್ತಿಗೆ 3 ರೂಪಾಯಿ, ಬಳೆ ಎಸೆಯುವ ಆಟಕ್ಕೆ 4 ರೂಪಾಯಿ. ತೊಟ್ಟಿಲು ಹತ್ತಿದ್ದರ ಅರ್ಧದಷ್ಟು ಸಲ ಬಳೆ ಎಸೆದಿದ್ದಾಳೆ. ಯಾವುದು ಎಷ್ಟು ಸಲ?

ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೋಗಿ ಬಂದ ಯಾವ ಮಗುವಾದರೂ ಬೆರಳೆಣಿಸಿಯೇ ಹೇಳಬಲ್ಲದು: 4 ಸಲ ತೊಟ್ಟಿಲು, 2 ಸಲ ಬಳೆ. 12 ಮತ್ತು 8, ಒಟ್ಟು 20. ಇದನ್ನೇ ನಕ್ಷೆಗೆ ಇಳಿಸಿದರೆ ಒಂದು ಗೆರೆ ‘20 ರೂಪಾಯಿ ಖರ್ಚಾಗಬೇಕು’ ಎಂಬ ಮಾತು. ಇನ್ನೊಂದು ಗೆರೆ ‘ಬಳೆ, ತೊಟ್ಟಿಲಿನ ಅರ್ಧ’ ಎಂಬ ಮಾತು. ಎರಡೂ ಮಾತು ಒಟ್ಟಿಗೆ ನಿಜವಾಗುವ ಜಾಗ ಒಂದೇ. ಅದೇ ಕೂಡುವ ಚುಕ್ಕಿ.

ಗೆರೆಯ ಮೇಲೆ ಕೈಯಿಟ್ಟು ಇನ್ನೂ ಒಂದು ಪ್ರಶ್ನೆ ಕೇಳಬಹುದು. ತೊಟ್ಟಿಲನ್ನು ಎರಡೂವರೆ ಸಲ ಹತ್ತಲು ಆಗುತ್ತದೆಯೇ? ಇಲ್ಲ. ಹಾಗಾದರೆ ಚುಕ್ಕಿಗಳ ನಡುವೆ ಗೆರೆ ಯಾಕೆ ಎಳೆದೆವು? ಹತ್ತು ನಿಮಿಷ ಒಳ್ಳೆಯ ಜಗಳವಾಗುವ ಪ್ರಶ್ನೆ ಇದು. ಆದರೆ ತರಗತಿಯಲ್ಲಿ ಅಖಿಲಾಳ ಕತೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಬರೀ ಎಕ್ಸ್, ವೈ.

ಲೆಕ್ಕವನ್ನು ವ್ಯವಹಾರದಿಂದ ಕಡಿದು ಹಾಕುವುದು ಕನ್ನಡಕ್ಕೆ ಹೊಂದುವ ರೀತಿಯೂ ಅಲ್ಲ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಪುಸ್ತಕಕ್ಕೆ ಇಟ್ಟ ಹೆಸರೇ ‘ವ್ಯವಹಾರಗಣಿತ’.

ಇನ್ನೊಂದನ್ನೂ ಮರೆಯಬಾರದು. ಸಮೀಕರಣವನ್ನು ಗೆರೆಯಾಗಿ ನೋಡುವುದು ಸುಲಭದ ಯೋಚನೆಯಲ್ಲ. ಫ್ರಾನ್ಸಿನ ದೆಕಾರ್ತ್ ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದು ಪುಸ್ತಕ ಬರೆದದ್ದು 1637ರಲ್ಲಿ. ಅದಕ್ಕೆ ಮುಂಚೆ ಸಾವಿರಾರು ವರ್ಷ ದೊಡ್ಡ ದೊಡ್ಡ ಗಣಿತಜ್ಞರು ಇದ್ದರು, ಆದರೂ ಈ ಬೆಸುಗೆ ಆಗಿರಲಿಲ್ಲ. ಅಷ್ಟು ಕಾಲ ಹಿಡಿದ ವಿಷಯ ನಮ್ಮ ಮಕ್ಕಳಿಗೆ ಒಂದು ಪೀರಿಯಡ್ಡಿನಲ್ಲಿ ಹತ್ತಲಿಲ್ಲ ಎಂದರೆ ಅವರನ್ನು ದಡ್ಡರು ಎನ್ನುವಂತಿಲ್ಲ.

ಯಾವ ಆಟೊ ಕರೆಯಲಿ?

ತೆರಕಣಾಂಬಿ ಮಾರುಕಟ್ಟೆಗೆ ಟೊಮೆಟೊ ಹಾಕುವ ಮನೆಯ ಮಗುವಿಗೆ ಲಗೇಜ್ ಆಟೊ ಬಾಡಿಗೆಯ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು.

ಮೊದಲ ಆಟೊದವರು ಗಾಡಿ ಎತ್ತಲು 300 ರೂಪಾಯಿ, ಆಮೇಲೆ ಕಿಲೋಮೀಟರಿಗೆ 20 ಎನ್ನುತ್ತಾರೆ. ಎರಡನೆಯವರು ಎತ್ತಲು 100 ಸಾಕು, ಕಿಲೋಮೀಟರಿಗೆ 30 ಎನ್ನುತ್ತಾರೆ. ಎಕ್ಸ್, ವೈ ಬರುವ ಮೊದಲು ಇದನ್ನು ಮಾತಿನಲ್ಲೇ ಬರೆಸಿ:

ಬಾಡಿಗೆ = 300 + 20 × ಕಿ.ಮೀ.
ಬಾಡಿಗೆ = 100 + 30 × ಕಿ.ಮೀ.

ಈಗ ಪ್ರಶ್ನೆ ‘ಬಿಡಿಸಿ’ ಅಲ್ಲ. ಪ್ರಶ್ನೆ ‘ಯಾವ ಆಟೊ ಕರೆಯಲಿ?’. 10 ಕಿ.ಮೀ. ಆದರೆ ಮೊದಲನೆಯದು 500, ಎರಡನೆಯದು 400. 30 ಕಿ.ಮೀ. ಆದರೆ ಮೊದಲನೆಯದು 900, ಎರಡನೆಯದು 1,000. ಹತ್ತಿರಕ್ಕೆ ಎರಡನೇ ಆಟೊ ಅಗ್ಗ, ದೂರಕ್ಕೆ ಮೊದಲನೆಯದು ಅಗ್ಗ. ಎಲ್ಲಿ ಮಗುಚಿತು? ಎರಡೂ ಗೆರೆ ಎಳೆದರೆ 20 ಕಿ.ಮೀ. ಹತ್ತಿರ ಒಂದನ್ನೊಂದು ದಾಟುತ್ತವೆ. ಅಲ್ಲಿ ಎರಡಕ್ಕೂ 700 ರೂಪಾಯಿ.

ಈಗ 300 ಎಂಬ ಅಂಕಿ ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿ. ಗೆರೆ ಶುರುವಾಗುವ ಎತ್ತರವೇ 300. 20 ಎಲ್ಲಿದೆ? ಗೆರೆಯ ಏರಿನಲ್ಲಿದೆ. ಒಂದು ಕಿ.ಮೀ. ಬಲಕ್ಕೆ ಹೋದರೆ 20 ರೂಪಾಯಿ ಮೇಲಕ್ಕೆ ಹತ್ತುತ್ತದೆ. 30ರ ಗೆರೆ ಅದಕ್ಕಿಂತ ಕಡಿದಾದ ಏರು. ಗಾಡಿ ಎತ್ತುವ ದುಡ್ಡನ್ನು 300ರಿಂದ 200ಕ್ಕೆ ಇಳಿಸಿದರೆ ಗೆರೆ ಏನಾಗುತ್ತದೆ? ಪೂರ್ತಿ ಗೆರೆ ಹಾಗೇ ಕೆಳಕ್ಕೆ ಇಳಿಯುತ್ತದೆ, ಓರೆ ಬದಲಾಗುವುದಿಲ್ಲ. ಡೀಸೆಲ್ ದುಬಾರಿಯಾಗಿ 20 ಹೋಗಿ 25 ಆದರೆ? ಶುರುವಾದ ಜಾಗ ಅದೇ, ಏರು ಹೆಚ್ಚು.

ಎಳೆಯುವ ಮುಂಚೆ ಮಕ್ಕಳು ಊಹಿಸಬೇಕು, ಆಮೇಲೆ ಎಳೆದು ನೋಡಬೇಕು. ‘ಅಂಕಿ ಬದಲಾದರೆ ಗೆರೆ ಏನಾಗುತ್ತದೆ’ ಎಂದು ಮೊದಲೇ ಹೇಳಬಲ್ಲ ಮಗುವಿಗೆ ಜೋಡಣೆ ಸಿಕ್ಕಿದೆ ಎಂದೇ ಅರ್ಥ.

ಚೆಂಡುಹೂವಿನ ಸೊನ್ನೆ

ಹತ್ತನೇ ಕ್ಲಾಸಿನ ‘ಬಹುಪದೋಕ್ತಿಗಳು’ ಪಾಠದಲ್ಲಿ ಆರು ನಕ್ಷೆ ಕೊಟ್ಟು ಪ್ರತಿಯೊಂದಕ್ಕೂ ಎಷ್ಟು ಶೂನ್ಯತೆಗಳಿವೆ ಎಂದು ಕೇಳುವ ಅಭ್ಯಾಸವಿದೆ. ಗೆರೆ ಎಕ್ಸ್ ಅಕ್ಷವನ್ನು ಎಷ್ಟು ಕಡೆ ಮುಟ್ಟಿದೆ ಎಂದು ಎಣಿಸಿದರೆ ಉತ್ತರ ಸಿಕ್ಕಿತು. ಎಣಿಸುವುದು ಎಲ್ಲರಿಗೂ ಬರುತ್ತದೆ. ಶೂನ್ಯತೆ ಎಂದರೇನು ಎಂದು ಕೇಳಿದರೆ ಮೌನ.

ಗುಂಡ್ಲುಪೇಟೆ ಸೀಮೆಯಲ್ಲಿ ಬಣ್ಣ ತೆಗೆಯುವ ಕಂಪನಿಗಳಿಗೆ ಒಪ್ಪಂದದ ಮೇಲೆ ಚೆಂಡುಹೂವು ಬೆಳೆಯುವವರಿದ್ದಾರೆ. ಲೆಕ್ಕಕ್ಕೆ ಕೆ.ಜಿ.ಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಉಳುಮೆ, ಗೊಬ್ಬರ, ಔಷಧಿ, ಕುಯ್ಲಿನ ಕೂಲಿ ಸೇರಿ 30,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ.

ಉಳಿಕೆ = 10 × ಕೆ.ಜಿ. − 30,000

ಇದರ ಗೆರೆ ಶುರುವಾಗುವುದು ನೆಲದ ಕೆಳಗೆ. ಒಂದು ಹೂವೂ ಕುಯ್ಯದಿದ್ದರೆ 30,000 ಕೈಬಿಟ್ಟಿತು. ಹೂವು ಬಂದಂತೆಲ್ಲ ಗೆರೆ ಮೇಲಕ್ಕೆ ಬರುತ್ತದೆ. 3,000 ಕೆ.ಜಿ. ಆದಾಗ ಎಕ್ಸ್ ಅಕ್ಷವನ್ನು ಮುಟ್ಟುತ್ತದೆ. ಅಲ್ಲಿ ಉಳಿಕೆ ಸೊನ್ನೆ, ಅಂದರೆ ಹಾಕಿದ ಅಸಲು ಹುಟ್ಟಿತು. ಅದರಾಚೆಗೆ ಲಾಭ. ಈ ‘ಅಸಲು ಹುಟ್ಟುವ ಜಾಗ’ಕ್ಕೇ ಪುಸ್ತಕದಲ್ಲಿ ಶೂನ್ಯತೆ ಎಂದು ಹೆಸರು. ಅಪ್ಪ ಅವ್ವ ಜಗಲಿ ಮೇಲೆ ಕೂತು ಹಾಕುವ ಲೆಕ್ಕವೇ ಇದು ಎಂದು ಗೊತ್ತಾದ ಮಗುವಿಗೆ ಆ ಪದ ಮತ್ತೆ ಮರೆಯುವುದಿಲ್ಲ.

ವರ್ಗ ಬಹುಪದೋಕ್ತಿಗೂ ಇದೇ ದಾರಿ. ಕಾಡಂಚಿನ ಊರುಗಳಲ್ಲಿ ಬೇಲಿ ದೊಡ್ಡ ಖರ್ಚು. ಒಂದೇ ಸುತ್ತಿಗೆ ಸಾಕಾಗುವ 100 ಮೀಟರ್ ತಂತಿ ಇದೆ. ನಾಲ್ಕು ಮೂಲೆಯ ಚೌಕಟ್ಟಾಗಿ ಸುತ್ತಬೇಕು. ಉದ್ದ ಎಷ್ಟಿಟ್ಟರೆ ಹೆಚ್ಚು ಜಾಗ ಒಳಗೆ ಬರುತ್ತದೆ? ಉದ್ದ ಅಗಲ ಸೇರಿ 50 ಆಗಬೇಕು. ಹಾಗಾಗಿ ಜಾಗ = ಉದ್ದ × (50 − ಉದ್ದ).

ಉದ್ದ 10 ಮೀಟರ್ ಆದರೆ 400 ಚದರ ಮೀಟರ್. 20 ಆದರೆ 600. 25 ಆದರೆ 625. 30 ಆದರೆ ಮತ್ತೆ 600. 40 ಆದರೆ ಮತ್ತೆ 400. ಚುಕ್ಕಿಗಳನ್ನು ಕೂಡಿಸಿದರೆ ಗುಡ್ಡದಂತೆ ಏರಿ ಇಳಿಯುವ ಗೆರೆ. ಇದು ಪರವಲಯ. ನೆತ್ತಿ 25ರಲ್ಲಿ, ಅಂದರೆ ಸರಿಚೌಕ. 0 ಮತ್ತು 50ರಲ್ಲಿ ಗೆರೆ ನೆಲ ಮುಟ್ಟುತ್ತದೆ. ಉದ್ದ 50 ಆದರೆ ಅಗಲವೇ ಇಲ್ಲ, ತಂತಿ ಮಡಚಿಕೊಂಡು ಬಿದ್ದಿರುತ್ತದೆ, ಒಳಗೆ ಜಾಗ ಸೊನ್ನೆ. ಎರಡು ಶೂನ್ಯತೆ ಯಾಕೆ ಎಂಬುದು ಈಗ ಕಣ್ಣಿಗೇ ಕಾಣುತ್ತದೆ.

ಗೇಟಿನಲ್ಲಿ ನಿಂತ ಗಾಡಿ

ಅಂಕಿಯೇ ಇಲ್ಲದೆ ನಕ್ಷೆ ಎಳೆಸುವುದೂ ಅಷ್ಟೇ ಮುಖ್ಯ. ಬಂಡೀಪುರದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇರುವುದು ಇಲ್ಲಿ ಎಲ್ಲರಿಗೂ ಗೊತ್ತು. ಗುಂಡ್ಲುಪೇಟೆಯಿಂದ ತರಕಾರಿ ತುಂಬಿಕೊಂಡು ವಯನಾಡಿಗೆ ಹೊರಟ ಗಾಡಿ ಮದ್ದೂರು ಚೆಕ್‌ಪೋಸ್ಟ್‌ಗೆ ಬಂದಾಗ 9 ದಾಟಿಬಿಟ್ಟಿತು. ಅಡ್ಡಕ್ಕೆ ಸಮಯ, ಉದ್ದಕ್ಕೆ ಗುಂಡ್ಲುಪೇಟೆಯಿಂದ ಎಷ್ಟು ದೂರ ಎಂದಿಟ್ಟುಕೊಂಡು ಈ ಪ್ರಯಾಣದ ಗೆರೆ ಎಳೆಯಿರಿ ಎಂದು ಮಕ್ಕಳಿಗೆ ಹೇಳಿ.

ಗಾಡಿ ನಿಂತಿತಲ್ಲ ಎಂದು ಕೆಲವರು ಗೆರೆಯನ್ನು ಸೊನ್ನೆಗೆ ಇಳಿಸಿಬಿಡುತ್ತಾರೆ. ಹಾಗೆ ಇಳಿಸಿದರೆ ಗಾಡಿ ವಾಪಸ್ ಗುಂಡ್ಲುಪೇಟೆಗೆ ಬಂತು ಎಂದಾಯಿತು! ನಿಂತ ಗಾಡಿಯ ಗೆರೆ ಮಟ್ಟಸವಾಗಿ, ಸಮಯದ ಜೊತೆ ಬಲಕ್ಕೆ ಹೋಗುತ್ತಲೇ ಇರುತ್ತದೆ. ಬೆಳಗ್ಗೆ 6ಕ್ಕೆ ಮತ್ತೆ ಏರುತ್ತದೆ. ಗೆರೆಯ ಏರೇ ವೇಗ, ಮಟ್ಟಸ ಎಂದರೆ ವೇಗ ಸೊನ್ನೆ. ಪಿಯುಸಿ ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಎಷ್ಟೋ ಮಕ್ಕಳು ಎಡವುವುದು ಇಲ್ಲೇ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಶೆಲ್ ಸೆಂಟರ್‌ನ ಮ್ಯಾಲ್ಕಂ ಸ್ವಾನ್ ಮತ್ತು ಸಂಗಡಿಗರು 1985ರಲ್ಲಿ ಇದೇ ಬಗೆಯ ಪಾಠಗಳನ್ನು ಪ್ರಕಟಿಸಿದರು. ಅದರಲ್ಲಿ ಬಾವುಟ ಹಾರಿಸುವ ಒಂದು ಪಾಠವಿದೆ. ಬಾವುಟದ ಎತ್ತರ ಸಮಯದ ಜೊತೆ ಹೇಗೆ ಬದಲಾಯಿತು ಎಂದು ಕೆಲವು ನಕ್ಷೆ ಕೊಟ್ಟು, ಒಂದೊಂದರ ಅರ್ಥ ಏನು, ಯಾವುದು ನಿಜಕ್ಕೆ ಹತ್ತಿರ ಎಂದು ಕೇಳುತ್ತಾರೆ. ನಮ್ಮ ಶಾಲೆಗಳಲ್ಲಿ ಆಗಸ್ಟ್ 15ರ ಮಾರನೇ ದಿನ ಮಾಡಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಹಗ್ಗ ಎಳೆದು, ಕೈ ಬದಲಾಯಿಸಿ, ಮತ್ತೆ ಎಳೆಯುವುದರಿಂದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೆಟ್ಟಗೆ ನಿಂತ ಗೆರೆ ಎಳೆದವರಿಗೆ ಕೇಳಬೇಕು: ಒಂದೇ ಕ್ಷಣದಲ್ಲಿ ಬಾವುಟ ಕೆಳಗೂ ಮೇಲೂ ಎಲ್ಲ ಕಡೆಯೂ ಇರಲು ಆಗುತ್ತದೆಯೇ? ಆಗದು. ಒಂದು ಸಮಯಕ್ಕೆ ಒಂದೇ ಎತ್ತರ. ಪಿಯುಸಿಯಲ್ಲಿ ಅರ್ಧ ಪುಟದ ವ್ಯಾಖ್ಯೆಯಾಗಿ ಬರುವ ‘ಫಂಕ್ಷನ್’ ಇದೇ.

ಸಾಮಾನು ನಮ್ಮಲ್ಲೇ ಇದೆ

ಇದಕ್ಕೆಲ್ಲ ದುಡ್ಡು ಬೇಡ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎರಡು ಅಕ್ಷ ಎಳೆದು ಚುಕ್ಕಿ ಇಟ್ಟರೆ ದೊಡ್ಡ ಗ್ರಾಫ್ ಹಾಳೆ ಸಿದ್ಧ. ದಿನಾ ರಂಗೋಲಿ ಚುಕ್ಕಿ ಇಡುವ ಕೈಗಳಿಗೆ ಇದು ಹೊಸದಲ್ಲ. ‘ನಿನ್ನ ಎಕ್ಸ್‌ನ ಎರಡರಷ್ಟಕ್ಕೆ ಒಂದು ಸೇರಿಸಿ, ಅಷ್ಟು ಹೆಜ್ಜೆ ಮುಂದೆ ಹೋಗಿ ನಿಲ್ಲು’ ಎಂದರೆ ಮಕ್ಕಳೇ ಸಾಲಾಗಿ ನಿಂತು ಗೆರೆಯಾಗುತ್ತಾರೆ. ‘ಈಗ ಒಂದರ ಬದಲು ಮೂರು ಸೇರಿಸಿ’ ಎಂದರೆ ಇಡೀ ಸಾಲು ಎರಡು ಹೆಜ್ಜೆ ಮುಂದೆ ಸರಿಯುತ್ತದೆ.

ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ. ಒಂದರ ಮೇಲೆ ಸಮೀಕರಣ, ಒಂದರ ಮೇಲೆ ಕೋಷ್ಟಕ, ಒಂದರ ಮೇಲೆ ನಕ್ಷೆ, ಒಂದರ ಮೇಲೆ ಆಟೊ ಬಾಡಿಗೆಯಂಥ ಒಂದು ವಾಕ್ಯ ಬರೆದು ಕಲಸಿ ಕೊಟ್ಟರೆ, ನಾಲ್ಕು ನಾಲ್ಕು ಜೊತೆ ಮಾಡುವ ಆಟ. ಜೊತೆ ಮಾಡುವಾಗ ಆಗುವ ವಾದದಲ್ಲೇ ಕಲಿಕೆ ಇದೆ.

ಫೋನಿದ್ದರೆ ಜಿಯೋಜೀಬ್ರಾ ಇದೆ. 2001ರಲ್ಲಿ ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಶುರು ಮಾಡಿದ ಈ ತಂತ್ರಾಂಶ ಮಕ್ಕಳಿಗೆ, ಶಿಕ್ಷಕರಿಗೆ ಉಚಿತ. ಅಂಕಿಯನ್ನು ಬೆರಳಿನಲ್ಲಿ ಜಾರಿಸಿದರೆ ಗೆರೆ ಕಣ್ಣೆದುರೇ ಏರುತ್ತದೆ, ಇಳಿಯುತ್ತದೆ. 2010ರ ದಶಕದಲ್ಲಿ ‘ಸಬ್ಜೆಕ್ಟ್ ಟೀಚರ್ ಫೋರಂ’ ಕಾರ್ಯಕ್ರಮದಡಿ ರಾಜ್ಯದ ಸರ್ಕಾರಿ ಹೈಸ್ಕೂಲುಗಳ ಗಣಿತ ಶಿಕ್ಷಕರಿಗೆ ಇದರ ತರಬೇತಿಯೂ ನಡೆದಿದೆ. ಅಂದು ಕಲಿತ ಶಿಕ್ಷಕರು ನಮ್ಮ ನಡುವೆಯೇ ಇದ್ದಾರೆ. ಆದರೆ ಒಂದು ಎಚ್ಚರಿಕೆ. ಕೈಯಲ್ಲಿ ನಾಲ್ಕಾರು ನಕ್ಷೆ ಎಳೆದ ಮೇಲೆ ಫೋನ್ ಕೊಡಬೇಕು. ಇಲ್ಲದಿದ್ದರೆ ಅದೂ ಇನ್ನೊಂದು ರೀಲ್ಸ್ ಆಗುತ್ತದೆ.

ಮನೆಯವರು ಮಾಡಬಹುದಾದ್ದೂ ಇದೆ. ಗೃಹಜ್ಯೋತಿ ಬಿಲ್ಲಿನ ಗೆರೆ ಎಳೆದು ತೋರಿಸು ಎಂದು ಮಗಳಿಗೆ ಹೇಳಿ. ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್‌ವರೆಗೆ ಬಿಲ್ ಸೊನ್ನೆ, ಗೆರೆ ನೆಲದ ಮೇಲೇ ಹೋಗುತ್ತದೆ. ಅದು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗಷ್ಟೇ ದುಡ್ಡು, ಗೆರೆ ಮೆಲ್ಲಗೆ ಏರುತ್ತದೆ. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು, ಗೆರೆ ಒಮ್ಮೆಗೇ ಮೇಲಕ್ಕೆ ಹಾರುತ್ತದೆ. ಸೆಸ್ಕ್ ಬಿಲ್ ಕೈಯಲ್ಲಿ ಹಿಡಿದು ಆ ಜಿಗಿತವನ್ನು ವಿವರಿಸಿದ ಮಗು ಗಣಿತ ಮಾಡಿದೆ.

ಸಮಯ ಎಲ್ಲಿದೆ ಎಂಬ ಪ್ರಶ್ನೆ

ಶಿಕ್ಷಕರ ಕಡೆಯ ಮಾತು ನ್ಯಾಯವಾದದ್ದು. ಪಾಠ ಮುಗಿಸಬೇಕು, ಫಲಿತಾಂಶ ಕೊಡಬೇಕು, ನಡುವೆ ನೂರೆಂಟು ಬೇರೆ ಕೆಲಸ. ಹಿಂದುಳಿದ ಮಗುವನ್ನು ದಡ ಮುಟ್ಟಿಸಲು ಆ 4 ಅಂಕ ನಿಜಕ್ಕೂ ಊರುಗೋಲು. ಅದನ್ನು ಕಿತ್ತುಕೊಳ್ಳಿ ಎಂದು ಇಲ್ಲಿ ಹೇಳುತ್ತಿಲ್ಲ.

ಆದರೆ ಊರುಗೋಲು ಹಿಡಿದು ದಡ ಮುಟ್ಟಿದ ಮಗು ಆಮೇಲೆ ಎಲ್ಲಿಗೆ ಹೋಗುತ್ತದೆ? ಪಿಯುಸಿಗೆ ಬಂದಾಗ ವಿಜ್ಞಾನ, ಅರ್ಥಶಾಸ್ತ್ರ ಎರಡರಲ್ಲೂ ನಕ್ಷೆಯೇ. ‘ನಮಗೆ ಮ್ಯಾಥ್ಸ್ ಹತ್ತಲ್ಲ’ ಎಂದು ವಿಜ್ಞಾನದ ಕಡೆ ತಲೆ ಹಾಕದ ಮಕ್ಕಳಲ್ಲಿ ಎಷ್ಟೋ ಜನರಿಗೆ ಹತ್ತದೇ ಇದ್ದದ್ದು ಗಣಿತವಲ್ಲ, ಯಾರೂ ಬಿಡಿಸಿ ಹೇಳದ ಈ ಒಂದು ಗಂಟು. ಓದು ಬಿಟ್ಟು ಹೊಲಕ್ಕೆ ಇಳಿದವರಿಗೂ ಇದು ಬೇಕು. ಫೋನಿನಲ್ಲಿ ಬರುವ ಈರುಳ್ಳಿ ದರದ ಗೆರೆ, ಮಳೆಯ ಗೆರೆ, ಸಾಲದ ಕಂತಿನ ಗೆರೆ ಓದಬೇಕು. 20 ರೂಪಾಯಿ ಇದ್ದದ್ದು 22 ಆದದ್ದನ್ನು, ಅಕ್ಷವನ್ನು 19ರಿಂದ ಶುರು ಮಾಡಿ ಬೆಟ್ಟದಂತೆ ತೋರಿಸುವವರಿದ್ದಾರೆ. ಅಕ್ಷ ಎಲ್ಲಿಂದ ಶುರುವಾಗಿದೆ ಎಂದು ಮೊದಲು ನೋಡುವವರು ಮೋಸ ಹೋಗುವುದು ಕಡಿಮೆ.

ಆದ್ದರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಒಂದು ಬೇಡಿಕೆ. ಆ 4 ಅಂಕದ ಪ್ರಶ್ನೆ ಇರಲಿ. 3 ಅಂಕ ಎಳೆಯುವುದಕ್ಕೆ ಕೊಡಿ. ಉಳಿದ 1 ಅಂಕಕ್ಕೆ ಒಂದು ವಾಕ್ಯ ಬರೆಸಿ: ಕೂಡುವ ಚುಕ್ಕಿಯ ಅರ್ಥ ಏನು? ಅಥವಾ, ಸಮೀಕರಣದ ಈ ಅಂಕಿ ಹೆಚ್ಚಾದರೆ ಗೆರೆ ಏನಾಗುತ್ತದೆ? ಪರೀಕ್ಷೆಯಲ್ಲಿ ಕೇಳಿದ್ದನ್ನು ನಮ್ಮ ಶಾಲೆಗಳು ಕಲಿಸಿಯೇ ಕಲಿಸುತ್ತವೆ. ಪಾಸಿಂಗ್ ಪ್ಯಾಕೇಜ್ ಕೂಡ ಮಾರನೇ ವರ್ಷವೇ ಆ ವಾಕ್ಯಕ್ಕೆ ಜಾಗ ಮಾಡಿಕೊಡುತ್ತದೆ.

ಮಂಡಳಿ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಭಾನುವಾರ ಒಂದು ಗಂಟೆ ಕೂರಲು ಊರಿನ ಡಿಗ್ರಿ ಓದಿದವರು ಮನಸ್ಸು ಮಾಡಿದರೆ ಸಾಕು. ಹತ್ತು ಗ್ರಾಫ್ ಹಾಳೆ, ಒಂದು ಸ್ಕೇಲು, ಆಟೊ ಬಾಡಿಗೆಯ ಲೆಕ್ಕ. ಮಕ್ಕಳು ಗೆರೆ ಎಳೆದ ಮೇಲೆ ಹಾಳೆ ಮಡಚಿಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ‘ಸರಿ, ಈಗ ಯಾವ ಆಟೊ ಕರೆಯೋಣ?’